ಡಿಕ್ಕಿಯ ದೀಪ

ನಮ್ಮ ಕಡೆ ಟಾರ್ಚಿಗೆ ‘ಬ್ಯಾಟರಿ’ ಎನ್ನುತ್ತಾರೆ. ಬಾಲ್ಯದಲ್ಲಿ ನನಗೆ ವಹಿಸಲಾದ ಮೊದಲ ಜವಾಬ್ದಾರಿಯೆಂದರೆ ಅಪ್ಪನಿಗೆ ಬ್ಯಾಟರಿ ಹಿಡಿಯುವುದು. ಅಪ್ಪ ಕೆ.ಇ.ಬಿ.ಯಲ್ಲಿ ಲೈನ್‌ಮನ್ ಆಗಿದ್ದರು. ಹಗಲೆಲ್ಲ ಕಂಬ ಹತ್ತಿ ಇಳಿದು ಬಂದವರು ರಾತ್ರಿ ಊಟವಾದ ಮೇಲೆ ಅಂಗಳದಲ್ಲಿ ತಮ್ಮ ಹಳೆಯ ಮೊಪೆಡ್ಡನ್ನು ಬಿಚ್ಚಿಕೊಂಡು ಕೂಡುತ್ತಿದ್ದರು. ಎರಡು ಸೆಲ್ಲಿನ ಬ್ಯಾಟರಿ ಹಿಡಿದು ನಾನು ಪಕ್ಕದಲ್ಲಿ ನಿಲ್ಲಬೇಕು. ಮೊದಲ ಐದು ನಿಮಿಷ ಬೆಳಕು ಇರಬೇಕಾದಲ್ಲಿ ಇರುತ್ತಿತ್ತು. ಅನಂತರ ನನ್ನ ಮನಸ್ಸು ಬೇವಿನ ಮರದ ಕಡೆಗೋ, ಗೋಡೆಯ ಮೇಲಿನ ಹಲ್ಲಿಯ ಕಡೆಗೋ ಹೋಗುತ್ತಿತ್ತು. ಮನಸ್ಸು ಹೋದಲ್ಲಿಗೆ ಬೆಳಕೂ ಹೋಗುತ್ತಿತ್ತು.

“ಎಲ್ಲಿ ಹಿಡದೀಯಲೇ ಬೆಳಕ? ಗಾಡಿ ನೋಡಬ್ಯಾಡ, ನನ್ನ ಕೈ ನೋಡು. ಕೈ ಎಲ್ಲಿ ಹೋಗತೈತೋ ಅಲ್ಲಿ ಹಿಡಿ” ಎಂದು ಅಪ್ಪ ಗದರುತ್ತಿದ್ದರು.

ಆಗ ಅದು ಬರಿಯ ಬೈಗುಳವಾಗಿ ಕೇಳಿಸಿತ್ತು. ಅದರಲ್ಲಿ ಬೇರೆ ಅರ್ಥವೂ ಇದೆಯೆಂದು ತಿಳಿಯಲು ನನಗೆ ನಲವತ್ತಾರು ವರ್ಷವಾಗಬೇಕಾಯಿತು. ಹೆದ್ದಾರಿಯ ಬದಿಯಲ್ಲಿ, ಕತ್ತಲೆಯಲ್ಲಿ, ಕೆಟ್ಟು ನಿಂತ ಕಾರೊಂದೂ ಬೇಕಾಯಿತು.

ನಾನು ಪುಣೆಯಲ್ಲಿ ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ನೌಕರ. ವರ್ಗವಾಗಿ ಬಂದು ಒಂಬತ್ತು ವರ್ಷವಾಯಿತು. ವರ್ಷಕ್ಕೆ ಮೂರು ನಾಲ್ಕು ಸಲ ಧಾರವಾಡಕ್ಕೆ ಹೋಗಿಬರುತ್ತೇನೆ. ಸಾತಾರಾ, ಕರಾಡ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿಗಳ ಈ ದಾರಿ ನಮ್ಮಲ್ಲಿ ಅನೇಕರಿಗೆ ಪರಿಚಿತವೇ. ಹಿಂದೆ ರಾಷ್ಟ್ರೀಯ ಹೆದ್ದಾರಿ 4 ಎನ್ನಿಸಿಕೊಂಡಿದ್ದದ್ದು ಈಗ 48 ಆಗಿದೆಯೆಂಬುದನ್ನು ಬಿಟ್ಟರೆ, ಊರಿಗೆ ಹೋಗುವಾಗ ಅದು ಚಿಕ್ಕದೆನಿಸುವುದೂ ಬರುವಾಗ ಉದ್ದವೆನಿಸುವುದೂ ಬದಲಾಗಿಲ್ಲ. ಊರಿನಿಂದ ಮರಳುವ ಕಾರಿನ ಡಿಕ್ಕಿ ಹೇಗಿರುತ್ತದೆಂಬುದನ್ನೂ ಇಲ್ಲಿನ ಓದುಗರಿಗೆ ಬಣ್ಣಿಸಬೇಕಾಗಿಲ್ಲ. ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ, ಜೋಳದ ಹಿಟ್ಟಿನ ಚೀಲ, ಹತ್ತಾರು ತೆಂಗಿನಕಾಯಿ, ಇವುಗಳ ನಡುವೆ ಎಲ್ಲೋ ನಮ್ಮ ಬಟ್ಟೆ.

ನನ್ನದು ಹನ್ನೊಂದು ವರ್ಷ ಹಳೆಯ ಸಣ್ಣ ಕಾರು. ಕೊಳ್ಳುವಾಗ ಕೈಯಲ್ಲಿದ್ದ ಹಣಕ್ಕೆ ಸಿಕ್ಕ ಅಗ್ಗದ ಮಾದರಿ. ಅದರ ಡಿಕ್ಕಿಯ ಪಕ್ಕದಲ್ಲಿ ಬೆಂಕಿಪೆಟ್ಟಿಗೆಯಷ್ಟಗಲದ ಪ್ಲಾಸ್ಟಿಕ್ ಮುಚ್ಚಳವೊಂದಿದೆ. ದುಬಾರಿ ಮಾದರಿಯಲ್ಲಿ ಅಲ್ಲಿ ದೀಪವಿರುತ್ತದೆ. ನನ್ನದರಲ್ಲಿ ಮುಚ್ಚಳ ಮಾತ್ರ. ಹತ್ತು ವರ್ಷ ಅದನ್ನು ನೋಡಿಯೂ ನಾನು ಅದರ ಬಗ್ಗೆ ಯೋಚಿಸಿರಲಿಲ್ಲ.

ಕಳೆದ ನವೆಂಬರಿನಲ್ಲಿ ಅಪ್ಪನ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆಂದು ಅಪ್ಪ ಅವ್ವ ಇಬ್ಬರನ್ನೂ ಪುಣೆಗೆ ಕರೆತರುತ್ತಿದ್ದೆ. ಅಪ್ಪನಿಗೆ ಎಪ್ಪತ್ತೇಳು, ಸಕ್ಕರೆ ಕಾಯಿಲೆ ಹಳೆಯದು. ಎರಡು ಹೊತ್ತು ಊಟಕ್ಕೆ ಮೊದಲು ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಕೊಲ್ಹಾಪುರ ದಾಟಿದ ಮೇಲೆ ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದಾಗ ರಾತ್ರಿ ಏಳೂವರೆ. ಹದಿನೈದು ನಿಮಿಷದ ದಾರಿಯಲ್ಲಿ ನಮ್ಮ ಗೊತ್ತಿನ ಊಟದ ಧಾಬಾ. “ಇಲ್ಲೇ ಇಂಜೆಕ್ಷನ್ ಮಾಡಿಕೊಂಡು ಬಿಡಿ, ಅಲ್ಲಿ ಹೋದಕೂಡಲೇ ಊಟಕ್ಕೆ ಕೂಡಬಹುದು” ಎಂದವನು ನಾನೇ. ಅಪ್ಪ ಮಾಡಿಕೊಂಡರು. ಔಷಧದ ಚೀಲ ಅವರ ಕಾಲಿಗೆ ಅಡ್ಡವಾಗುತ್ತದೆಂದು ಅದನ್ನು ಒಯ್ದು ಡಿಕ್ಕಿಯಲ್ಲಿ ತುರುಕಿದವನೂ ನಾನೇ. ಆ ಚೀಲದಲ್ಲಿ ಗ್ಲೂಕೋಸಿನ ಪುಡಿಯ ಪೊಟ್ಟಣವೂ ಇತ್ತು.

ಐದಾರು ಕಿಲೋಮೀಟರು ಹೋಗುವಷ್ಟರಲ್ಲಿ ರಸ್ತೆ ಅಗಲಗೊಳಿಸುವ ಕೆಲಸಕ್ಕಾಗಿ ವಾಹನಗಳನ್ನು ಪಕ್ಕದ ದಾರಿಗೆ ತಿರುಗಿಸಿದ್ದರು. ಕಬ್ಬಿನ ಹಂಗಾಮು. ಎರಡೆರಡು ಗಾಡಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಮುಂದೆಯೂ ಹಿಂದೆಯೂ. ತೆವಳುತ್ತ, ನಿಲ್ಲುತ್ತ ಮುಕ್ಕಾಲು ಗಂಟೆ ಕಳೆಯಿತು. ಆಗ ಕಾರಿನ ಉಷ್ಣತೆಯ ಮುಳ್ಳು ಕೆಂಪು ಗೆರೆಯತ್ತ ಏರಿತು. ಬಾನೆಟ್ಟಿನ ಸಂದಿಯಿಂದ ಹಬೆ. ಪಕ್ಕಕ್ಕೆ ತೆಗೆದು ನಿಲ್ಲಿಸಿದೆ. ಎಂಜಿನ್ ಬಿಸಿಯಿದ್ದಾಗ ರೇಡಿಯೇಟರಿನ ಮುಚ್ಚಳ ತೆರೆಯಬಾರದೆಂಬಷ್ಟು ತಿಳಿದಿತ್ತು. ಮುಂದಿನದು ತಿಳಿದಿರಲಿಲ್ಲ. ಒಂದು ಕೈಯಲ್ಲಿ ಮೊಬೈಲಿನ ಬೆಳಕು, ಇನ್ನೊಂದು ಕೈಯಲ್ಲಿ ಬಾನೆಟ್ಟು. ಬೆಳಕು ಹತ್ತಿರದ ಲೋಹದ ಮೇಲೆ ಹೊಳೆಯುತ್ತಿತ್ತು. ನೀರು ಎಲ್ಲಿಂದ ಸೋರುತ್ತಿದೆಯೋ ಆ ಜಾಗದ ಮೇಲೆ ನನ್ನದೇ ತಲೆಯ ನೆರಳು ಬಿದ್ದಿತ್ತು.

ಅವ್ವನ ದನಿ ಕೇಳಿಸಿತು. “ತಮ್ಮಾ, ಲಗೂ ಬಾ. ನಿಮ್ಮಪ್ಪ ಬೆವರಾಕತ್ತಾರ. ನಾ ಒಂದ ಕೇಳಿದ್ರ ಬ್ಯಾರೇನ ಹೇಳಾಕತ್ತಾರ.”

ಹೋಗಿ ನೋಡಿದೆ. ಅಪ್ಪನ ಅಂಗಿ ತೊಯ್ದಿತ್ತು. ಕೈ ನಡುಗುತ್ತಿತ್ತು. ನನ್ನನ್ನು ನೋಡಿ, ನಾನು ಯಾರೋ ಕಿರಿಯ ಲೈನ್‌ಮನ್ ಎಂಬಂತೆ, “ಲೈನ್ ಚಾಲೂ ಐತಿ, ಯಾರೂ ಕಂಬ ಹತ್ತಬ್ಯಾಡ್ರಿ” ಎಂದರು.

ಇನ್ಸುಲಿನ್ ಒಳಗೆ ಹೋಗಿದೆ, ಅನ್ನ ಹೋಗಿಲ್ಲ. ರಕ್ತದ ಸಕ್ಕರೆ ಇಳಿಯುತ್ತಿದೆ. ಕಾರಿನೊಳಗೆ ನೀರಿನ ಬಾಟಲಿ ಬಿಟ್ಟರೆ ಬಾಯಿಗೆ ಹಾಕುವಂಥದ್ದೇನೂ ಇರಲಿಲ್ಲ. ಡಿಕ್ಕಿಗೆ ಓಡಿದೆ. ಕಪ್ಪು ಹಾಸಿನ ಕಪ್ಪು ಡಿಕ್ಕಿ, ಅದರಲ್ಲಿ ಹುಡುಕಬೇಕಾದದ್ದು ಒಂದು ಕಪ್ಪು ಚೀಲ. ಬ್ರೇಕು ಹಾಕಿ ಹಾಕಿ ಸಾಮಾನೆಲ್ಲ ಜಾರಿ ಅದಲುಬದಲಾಗಿತ್ತು. ಮೊಬೈಲನ್ನು ಹಲ್ಲಿನಲ್ಲಿ ಕಚ್ಚಿ ಎರಡೂ ಕೈಯಿಂದ ಬಗೆದೆ. ತಲೆ ಬಗ್ಗಿಸಿದರೆ ಬೆಳಕು ರೊಟ್ಟಿಯ ಗಂಟಿನ ಮೇಲೆ, ಎತ್ತಿದರೆ ಗಾಜಿನ ಮೇಲೆ. ತೆಂಗಿನಕಾಯಿಯೊಂದು ಉರುಳಿ ರಸ್ತೆಗೆ ಬಿದ್ದು ಲಾರಿಯ ಗಾಲಿಯ ಕೆಳಗೆ ಒಡೆದ ಸದ್ದು ಈಗಲೂ ಕಿವಿಯಲ್ಲಿದೆ. ಎಂ.ಎ.ಯಲ್ಲಿ ಮಿಲ್ಟನ್ ಓದಿದವನು ನಾನು. ಕತ್ತಲೆಯ ಬಗ್ಗೆ ಬೇಕಾದಷ್ಟು ಪುಟ ಬರೆದು ಅಂಕ ಪಡೆದಿದ್ದೆ. ಕತ್ತಲೆಯಲ್ಲಿ ಒಂದು ಚೀಲ ಹುಡುಕಲು ಬರಲಿಲ್ಲ.

ಅದು ಹಿಟ್ಟಿನ ಚೀಲದ ಕೆಳಗೆ, ಸೀಟಿನ ಬೆನ್ನಿಗೆ ಒತ್ತಿಕೊಂಡು ಬಿದ್ದಿತ್ತು. ಹತ್ತು ನಿಮಿಷವಾಯಿತೆಂದು ಅವ್ವ ಆಮೇಲೆ ಹೇಳಿದರು. ಅಪ್ಪನಿಗೆ ಇನ್ನೂ ನುಂಗುವಷ್ಟು ಎಚ್ಚರವಿತ್ತು. ಹದಿನೈದು ಗ್ರಾಂ ಗ್ಲೂಕೋಸು, ಹದಿನೈದು ನಿಮಿಷದ ಕಾಯುವಿಕೆ, ಇದು ವೈದ್ಯರು ಹೇಳಿಕೊಟ್ಟ ಲೆಕ್ಕ. ಅಳೆಯುವ ವ್ಯವಧಾನ ಯಾರಿಗಿತ್ತು? ನೀರಿಗೆ ಸುರಿದು ಕುಡಿಸಿದೆ. ಕಾಲು ಗಂಟೆಯಲ್ಲಿ ಬೆವರು ಆರಿತು. ಅಪ್ಪ ಸುತ್ತಲೂ ನೋಡಿ, “ಗಾಡಿ ಯಾಕ ನಿಂತೈತಿ?” ಎಂದು ಕೇಳಿದರು. ಅವ್ವ ರೊಟ್ಟಿಯ ಗಂಟು ಬಿಚ್ಚಿದರು.

ಕಾರನ್ನು ಸರಿಪಡಿಸಿದವನು ಕಬ್ಬಿನ ಟ್ರ್ಯಾಕ್ಟರಿನ ಚಾಲಕನೊಬ್ಬ. ತನ್ನ ಗಾಡಿಯ ಮುಂದೀಪ ನಮ್ಮ ಬಾನೆಟ್ಟಿನೊಳಕ್ಕೆ ಬೀಳುವ ಹಾಗೆ ನಿಲ್ಲಿಸಿದ. ಬೆಳಕು ಬಿದ್ದದ್ದೇ ತಡ, ದೋಷ ಎಲ್ಲರಿಗೂ ಕಂಡಿತು. ರಬ್ಬರಿನ ಕೊಳವೆಯನ್ನು ಹಿಡಿದಿಡುವ ಲೋಹದ ಪಟ್ಟಿ ಸಡಿಲಾಗಿತ್ತು. ಎಂಜಿನ್ ಆರಿದ ಮೇಲೆ ಒಂದು ಸ್ಕ್ರೂಡ್ರೈವರು, ನಾಲ್ಕು ಸುತ್ತು, ಎರಡು ಬಾಟಲಿ ನೀರು. ಪುಣೆ ತಲುಪಿದಾಗ ಬೆಳಗಿನ ಜಾವ ಎರಡೂವರೆ.

ಮರುದಿನದಿಂದ ನನಗೆ ಒಂದೇ ಧ್ಯಾನ. ಡಿಕ್ಕಿ ತೆರೆದರೆ ತಾನಾಗಿ ಹೊತ್ತಬೇಕು, ಬಾನೆಟ್ ಎತ್ತಿದರೆ ತಾನಾಗಿ ಹೊತ್ತಬೇಕು, ಮುಚ್ಚಿದರೆ ಆರಬೇಕು. ಅಂಥ ದೀಪವನ್ನು ನಾನೇ ಹಾಕಬೇಕು. ಕಚೇರಿಯಿಂದ ಬಂದವನು ಹಾಳೆಯ ಮೇಲೆ ತಂತಿಗಳ ಚಿತ್ರ ಬರೆಯುತ್ತ ಕೂಡುತ್ತಿದ್ದೆ.

ನೌಕರನ ಬುದ್ಧಿ ಮೊದಲು ಕಾಯಿದೆಯ ಕಡೆಗೆ ಹೋಯಿತು. ವಾಹನವನ್ನು ಮಾರ್ಪಡಿಸುವುದರ ಬಗ್ಗೆ 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ಕಟ್ಟುನಿಟ್ಟಾಗಿದೆ. ಆದರೆ ಅದರ ವಿವರಣೆಯಲ್ಲಿ, ವಾಹನದ ಮೂಲ ಲಕ್ಷಣವೇ ಬದಲಾಗುವಂಥ ರಚನೆಯ ವ್ಯತ್ಯಾಸವನ್ನು ಮಾರ್ಪಾಡು ಎಂದಿದ್ದಾರೆ. ಹೊರಗೆ ಕಾಣುವ ದೀಪಗಳ ಸಂಗತಿ ಬೇರೆ. ಮುಚ್ಚಿದ ಡಿಕ್ಕಿಯೊಳಗಿನ ಒಂದು ಗೇಣು ಬೆಳಕು ಕಾರಿನ ಮೂಲ ಲಕ್ಷಣವನ್ನು ಬದಲಿಸದೆಂದು ನನ್ನಷ್ಟಕ್ಕೆ ಕಡತದ ಮೇಲೆ ಒಪ್ಪಿಗೆ ಬರೆದುಕೊಂಡೆ.

ದೀಪ ಯಾವುದೆಂಬ ಪ್ರಶ್ನೆಯೇ ಇರಲಿಲ್ಲ, ಎಲ್‌ಇಡಿ. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು ನಿಕ್ ಹೊಲೊನ್ಯಾಕ್ ಅಮೆರಿಕದಲ್ಲಿ ತೋರಿಸಿದ್ದು 1962ರಲ್ಲಿ. ಬಿಳಿಯ ಬೆಳಕಿಗೆ ನೀಲಿ ಬೇಕಿತ್ತು; ಅದಕ್ಕೆ ಇನ್ನೂ ಮೂರು ದಶಕ ಹಿಡಿಯಿತು. ನೀಲಿಯನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಾಕಾಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ನೀಲಿಯ ಮೇಲೆ ಹಳದಿಯ ಲೇಪ ಕೊಟ್ಟರೆ ನಮ್ಮ ಕಣ್ಣಿಗೆ ಬಿಳಿ. ಆ ಬಿಳಿ ಈಗ ಅಂಗಡಿಯಲ್ಲಿ ಅಂಟುಪಟ್ಟಿಯ ಹಾಗೆ ಸುರುಳಿ ಸುತ್ತಿ ಮೀಟರಿನ ಲೆಕ್ಕದಲ್ಲಿ ಸಿಗುತ್ತದೆ. ಕಾರಿನ 12 ವೋಲ್ಟಿಗೆ ಹೊಂದುವ ಪಟ್ಟಿಯಲ್ಲಿ ಮೂರು ಮೂರು ದೀಪಗಳ ಗುಂಪು. ಒಂದೊಂದಕ್ಕೆ ಸುಮಾರು 3 ವೋಲ್ಟು, ಮೂರಕ್ಕೆ 9, ಉಳಿದದ್ದನ್ನು ಒಂದು ರೆಸಿಸ್ಟರು ನುಂಗುತ್ತದೆ. ಆದ್ದರಿಂದ ಗುರುತಿರುವ ಕಡೆ, ಮೂರರ ಲೆಕ್ಕದಲ್ಲಿಯೇ ಕತ್ತರಿಸಬೇಕು. ಇದನ್ನು ತಿಳಿಯದೆ ನಾನು ನಡುವೆ ಕತ್ತರಿಸಿ ಎರಡು ತುಂಡು ಹಾಳುಮಾಡಿದೆ.

‘ತಾನಾಗಿ’ ಎಂಬುದರ ಗುಟ್ಟು ಸ್ವಿಚ್ಚಿನಲ್ಲಿದೆ. ಬಾನೆಟ್ಟಿಗೆ ಆರಿಸಿದ್ದು ಸ್ಪ್ರಿಂಗಿನ ಒತ್ತುಗುಂಡಿ. ಫ್ರಿಜ್ಜಿನ ಬಾಗಿಲಿನದೇ ಕ್ರಮ. ಬಾನೆಟ್ಟು ಮುಚ್ಚಿ ಗುಂಡಿ ಅದುಮಿದ್ದಾಗ ಸಂಪರ್ಕವಿಲ್ಲ. ಎತ್ತಿದಾಗ ಗುಂಡಿ ಮೇಲೆದ್ದು ಸಂಪರ್ಕ ಕೂಡುತ್ತದೆ. ಡಿಕ್ಕಿಗೆ ಅಯಸ್ಕಾಂತದ ಸ್ವಿಚ್ಚು. ಗಾಜಿನ ಸಣ್ಣ ನಳಿಗೆಯಲ್ಲಿ ತೆಳುವಾದ ಲೋಹದ ಎಸಳುಗಳು, ಬಾಗಿಲಿನಲ್ಲಿ ಗುಂಡಿಯಷ್ಟು ಅಯಸ್ಕಾಂತ. ಬಾಗಿಲು ಮುಚ್ಚಿ ಅಯಸ್ಕಾಂತ ಹತ್ತಿರವಾದರೆ ಎಸಳು ಬಿಡುತ್ತದೆ, ದೂರವಾದರೆ ಕೂಡುತ್ತದೆ. ಕೊಳ್ಳುವಾಗ ಇದರ ತದ್ವಿರುದ್ಧ ಬಗೆಯೂ ಸಿಗುತ್ತದೆ. ಮೊದಲ ಸಲ ನಾನು ತಂದದ್ದು ಅದೇ. ಡಿಕ್ಕಿ ಮುಚ್ಚಿದಾಗ ಹೊತ್ತಿ, ತೆರೆದಾಗ ಆರುವ ದೀಪ.

ಅಪ್ಪನ ಎರಡೂ ಕಣ್ಣಿನ ಪೊರೆ ತೆಗೆದು ಆರು ವಾರವಾಗಿತ್ತು. ಕಪ್ಪು ಕನ್ನಡಕ ಹಾಕಿಕೊಂಡು ಕ್ವಾರ್ಟರ್ಸಿನ ಪಾರ್ಕಿಂಗಿನಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತು ನನ್ನ ಸಾಹಸ ನೋಡುತ್ತಿದ್ದರು. ಮೊದಲ ಎರಡು ಸಂಜೆ ಏನೂ ಹೇಳಲಿಲ್ಲ. ಮೂರನೆಯ ಸಂಜೆ, ನಾನು ಬ್ಯಾಟರಿಯಿಂದ ತೆಗೆದ ತಂತಿಯನ್ನು ನೇರವಾಗಿ ಒಳಗೆ ಒಯ್ಯುತ್ತಿದ್ದಾಗ ಕುರ್ಚಿಯಿಂದ ಎದ್ದು ಬಂದರು.

“ಫ್ಯೂಸ್ ಎಲ್ಲಿ?”

“ದೀಪದ ಹತ್ತಿರ ಹಾಕ್ತೀನ್ರಿ ಅಪ್ಪಾ.”

“ಫ್ಯೂಸ್ ದೀಪ ಕಾಯಾಕಲ್ಲ, ತಂತಿ ಕಾಯಾಕ. ತಂತಿ ನಡುವ ಎಲ್ಲೆರ ಸವದು ಬಾಡಿಗೆ ಹತ್ತಿದ್ರ ಏನಾಗತೈತಿ? ಬೆಂಕಿ ಹುಟ್ಟೂದು ಅಲ್ಲಿ. ಬ್ಯಾಟರಿ ಬುಡಕ್ಕ ಹಾಕು.”

ನನ್ನ ದೀಪಗಳೆರಡೂ ಸೇರಿ ಎಳೆಯುವುದು ಒಂದು ಆಂಪಿಯರಿಗೂ ಕಡಿಮೆ. ಎರಡು ಆಂಪಿಯರಿನ ಫ್ಯೂಸನ್ನು ಬ್ಯಾಟರಿಯ ಧನ ತುದಿಯ ಪಕ್ಕದಲ್ಲಿಯೇ ಹಾಕಿದೆವು. ಕೊನೆಯ ಕ್ರಿಯಾಪದ ಬಹುವಚನಕ್ಕೆ ತಿರುಗಿದ್ದನ್ನು ಓದುಗರು ಗಮನಿಸಿರಬಹುದು. ಅಲ್ಲಿಂದ ಮುಂದೆ ಕೆಲಸ ಇಬ್ಬರದಾಯಿತು. ಲೋಹದ ತೂತಿನಲ್ಲಿ ಹಾಯುವ ತಂತಿಗೆ ರಬ್ಬರಿನ ಬಳೆ ಬೇಕು ಎಂದರು. ಬಾಗಿಲಿನ ಕೀಲಿನ ಹತ್ತಿರ ತಂತಿ ಬಿಗಿಯಾಗಿರಕೂಡದು. ದಿನಕ್ಕೆ ಹತ್ತು ಸಲ ಮಡಚುವುದರಿಂದ ಒಳಗೊಳಗೇ ಮುರಿಯುತ್ತದೆ, ಅಲ್ಲಿ ಸ್ವಲ್ಪ ಸಡಿಲು ಬಿಡು ಎಂದರು. ಎಂಜಿನ್ನಿನ ಕಡೆ ತಂತಿಗೆಲ್ಲ ಸುಕ್ಕುಸುಕ್ಕಾದ ಪ್ಲಾಸ್ಟಿಕ್ ಕೊಳವೆ ತೊಡಿಸಿ, ಹೊಗೆ ಕೊಳವೆಯಿಂದ ದೂರ ಹಾಯಿಸಿದೆವು. ಅಲ್ಲಿನ ಶಾಖಕ್ಕೆ ಅಂಟು ನಿಲ್ಲದೆಂದು ಅಪ್ಪ ಮೊದಲೇ ಹೇಳಿದ್ದರು, ನಾನು ಕೇಳಲಿಲ್ಲ. ಒಂದು ವಾರದಲ್ಲಿ ಪಟ್ಟಿ ಜೋತುಬಿತ್ತು. ಅನಂತರ ಅದನ್ನು ಪ್ಲಾಸ್ಟಿಕ್ ಪಟ್ಟಿಗಳಿಂದ ಬಿಗಿದೆವು.

ಒಂದು ಸಂಜೆ ಕತ್ತಲಾಯಿತು. ಡಿಕ್ಕಿಯ ಮೂಲೆಯಲ್ಲಿ ಸ್ವಿಚ್ಚು ಕೂರಿಸುವುದಿತ್ತು. ಮೊಬೈಲನ್ನು ಹಲ್ಲಿಗೆ ಒಯ್ಯುತ್ತಿದ್ದಂತೆ ಅಪ್ಪ ಕೈ ಚಾಚಿದರು. “ಕೊಡಿಲ್ಲಿ. ನೀ ಕೆಲಸ ಮಾಡು. ಬ್ಯಾಟರಿ ನಾ ಹಿಡೀತೀನಿ.”

ಆ ಅರ್ಧ ಗಂಟೆಯನ್ನು ಕುರಿತು ಹೇಳಬೇಕೆಂದೇ ಇಷ್ಟು ಬರೆದದ್ದು. ಅಪ್ಪನ ಕೈಯಲ್ಲಿ ವಯಸ್ಸಿನ ನಡುಕವಿತ್ತು, ಬೆಳಕಿನಲ್ಲಿರಲಿಲ್ಲ. ನಾನು ಸ್ಕ್ರೂ ತಿರುಗಿಸುತ್ತಿದ್ದರೆ ಬೆಳಕು ಸ್ಕ್ರೂವಿನ ಮೇಲೆ. ಮುಂದಿನ ತೂತಿಗೆ ಕೈ ಹೋಗುವ ಮೊದಲೇ ಬೆಳಕು ಅಲ್ಲಿಗೆ ಹೋಗಿ ಕಾಯುತ್ತಿತ್ತು. ಜಾರಿಬಿದ್ದ ವಾಶರನ್ನು ಹುಡುಕುವ ಮೊದಲೇ ಅದು ಹೊಳೆಯಿತು. ಒಮ್ಮೆಯೂ ನನ್ನ ಕಣ್ಣಿಗೆ ಹೊಡೆಯಲಿಲ್ಲ, ಒಮ್ಮೆಯೂ ನನ್ನ ನೆರಳು ಅಡ್ಡ ಬರಲಿಲ್ಲ. ತಿರುಗಿ ನೋಡಿದೆ. ಅಪ್ಪ ಡಿಕ್ಕಿಯನ್ನೂ ನೋಡುತ್ತಿರಲಿಲ್ಲ, ದೀಪವನ್ನೂ ನೋಡುತ್ತಿರಲಿಲ್ಲ. ನನ್ನ ಕೈ ನೋಡುತ್ತಿದ್ದರು.

ಅಂಗಳದಲ್ಲಿ ನಿಂತ ಹುಡುಗನಿಗೆ ಅವರು ಹೇಳಿದ್ದು ಇದನ್ನೇ. ಬೆಳಕು ಹಿಡಿಯುವುದೆಂದರೆ ಇನ್ನೊಬ್ಬರ ಕೆಲಸದ ಮೇಲೆ ತನ್ನ ಗಮನವನ್ನಿಟ್ಟು ನಿಲ್ಲುವುದು. ಪೆಟ್ರೋಲ್ ಬಂಕಿನಲ್ಲಿ ನಾನು ಮಾಡದೆಹೋದದ್ದೂ ಅದೇ ಅಲ್ಲವೇ? ಇಂಜೆಕ್ಷನ್ ಮಾಡಿಕೊಂಡ ಮುದುಕನ ಕೈಗೆ ಮುಂದಿನ ಗಂಟೆಯಲ್ಲಿ ಏನು ಬೇಕಾಗಬಹುದೆಂದು ಒಂದು ಕ್ಷಣ ನೋಡಿದ್ದರೆ ಆ ಚೀಲ ಡಿಕ್ಕಿಗೆ ಹೋಗುತ್ತಿರಲಿಲ್ಲ. ನನ್ನ ಕಣ್ಣು ರಸ್ತೆಯ ಮೇಲಿತ್ತು, ಗಡಿಯಾರದ ಮೇಲಿತ್ತು, ಧಾಬಾದ ಮೇಲಿತ್ತು.

ಕೆಲಸ ಮುಗಿದ ದಿನ ಒಂದು ಸಂದೇಹ ಉಳಿಯಿತು. ಮುಚ್ಚಿದ ಮೇಲೆ ದೀಪ ಆರಿದೆಯೆಂದು ನೋಡುವುದು ಹೇಗೆ? ನೋಡಲು ತೆರೆದರೆ ಹೊತ್ತಿಯೇ ಇರುತ್ತದೆ. ಫ್ರಿಜ್ಜಿನ ಬಗ್ಗೆ ಮಕ್ಕಳು ಕೇಳುವ ಹಳೆಯ ಪ್ರಶ್ನೆ. ಇದು ತಮಾಷೆಯೂ ಅಲ್ಲ. ಅರ್ಧ ಮೀಟರಿನ ಪಟ್ಟಿ ರಾತ್ರಿಯಿಡೀ ಉರಿದರೆ ಐದಾರು ಆಂಪಿಯರ್-ಗಂಟೆ ಹೋಗುತ್ತದೆ, ನನ್ನ ಕಾರಿನ ಬ್ಯಾಟರಿಯಿರುವುದೇ 35ರದು. ಮೂರು ದಿನ ಹಾಗೆ ಬಿಟ್ಟರೆ ಕಾರು ಹೊರಡದು. ನಾನು ಮೊಬೈಲನ್ನು ವಿಡಿಯೋಗೆ ಹಚ್ಚಿ ಡಿಕ್ಕಿಯೊಳಗಿಟ್ಟು ಮುಚ್ಚಿ, ತೆರೆದು, ಅಪ್ಪನಿಗೆ ತೋರಿಸಿದೆ. ಬೆಳಕು, ಬಾಗಿಲಿನ ಸದ್ದು, ಕತ್ತಲೆ, ಮತ್ತೆ ಬೆಳಕು. ಅಪ್ಪ ನಕ್ಕು, ಫ್ಯೂಸು ಕೀಳಿಸಿ ಆ ಜಾಗದಲ್ಲಿ ಮಲ್ಟಿಮೀಟರಿನ ಎರಡು ಕಡ್ಡಿ ಹಿಡಿಯಲು ಹೇಳಿದರು. ಬಾನೆಟ್ಟಿನ ಗುಂಡಿಯನ್ನು ತಾವೇ ಬೆರಳಿನಿಂದ ಅದುಮಿದರು. ಮೀಟರಿನಲ್ಲಿ ಸೊನ್ನೆ. “ಹಿಂಗ ನೋಡಬೇಕು” ಎಂದರು.

ದೀಪದ ಬಣ್ಣದ ಬಗ್ಗೆ ಅವರದೊಂದು ತಕರಾರಿತ್ತು. ಪೊರೆ ತೆಗೆದ ಕಣ್ಣಿಗೆ ಬಿಳಿಯದೆಲ್ಲ ನೀಲಿಯಾಗಿ ಕಾಣುತ್ತದೆ. “ಇದು ದವಾಖಾನಿ ಬೆಳಕು” ಎಂದರು. ಬಾನೆಟ್ಟಿಗೆ ಅದನ್ನೇ ಬಿಟ್ಟು, ಡಿಕ್ಕಿಗೆ ಹಳದಿ ಛಾಯೆಯ ಪಟ್ಟಿ ತಂದು ಬದಲಿಸಿದೆ. ಆಗ ಅವ್ವನನ್ನು ಕೆಳಗೆ ಕರೆದು ತೋರಿಸಿದೆವು. ಡಿಕ್ಕಿ ತೆರೆದೊಡನೆ ಮೂಲೆಮೂಲೆಯೂ ಕಂಡಿತು. ಹಾಸಿನ ಮೇಲೆ ನವೆಂಬರಿನಲ್ಲಿ ಚೆಲ್ಲಿದ ಜೋಳದ ಹಿಟ್ಟೂ ಕಂಡಿತು. ಅವ್ವ ಮೊದಲು ಅದನ್ನು ಸೆರಗಿನಿಂದ ಒರೆಸಿದರು. ಆಮೇಲೆ ಹೇಳಿದರು:

“ದೀಪ ಚಲೋ ಆಗೇತಿ. ಆದ್ರ ಆ ಔಷಧದ ಚೀಲ ಇನ್ನಮ್ಯಾಲೆ ನನ್ನ ತೊಡಿ ಮ್ಯಾಲಿರತೈತಿ.”

ಒಂದು ತಿಂಗಳ ಸಂಜೆಗಳನ್ನು, ಹಾಳಾದ ಎರಡು ತುಂಡು ಪಟ್ಟಿಯನ್ನು, ತಪ್ಪು ಸ್ವಿಚ್ಚನ್ನು ನೆನೆದು ನಾನು ಸುಮ್ಮನಾದೆ. ಬಾಗಿಲು ತೆರೆದದ್ದಷ್ಟೇ ಈ ದೀಪಕ್ಕೆ ಗೊತ್ತಾಗುತ್ತದೆ. ಯಾರು, ಏನನ್ನು, ಏಕೆ ಹುಡುಕುತ್ತಿದ್ದಾರೆಂಬುದು ಅದಕ್ಕೆ ಗೊತ್ತಿಲ್ಲ. ನವೆಂಬರಿನ ರಾತ್ರಿ ಅದು ಇದ್ದಿದ್ದರೆ ಹತ್ತು ನಿಮಿಷ ಒಂದು ನಿಮಿಷವಾಗುತ್ತಿತ್ತು, ಅದೇನು ಸಣ್ಣ ಮಾತಲ್ಲ. ಆದರೆ ಆ ಒಂದು ನಿಮಿಷವೂ ಬೇಡವಾಗುವಂತೆ ಮಾಡುವುದು ಸ್ವಿಚ್ಚಿನಿಂದ ಆಗುವ ಕೆಲಸವಲ್ಲ. ನನ್ನ ತಪ್ಪಿಗೆ ನಾನು ತಂತಿ ಹಾಕಿ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಿದ್ದೆ. ಅವ್ವ ಅದನ್ನು ಒಂದು ವಾಕ್ಯದಲ್ಲಿ ತಿದ್ದಿದರು.

ಮಾರ್ಚಿನಲ್ಲಿ ಇಬ್ಬರನ್ನೂ ಊರಿಗೆ ಬಿಡಲು ಹೊರಟೆ. ಚೀಲ ಅವ್ವನ ತೊಡೆಯ ಮೇಲಿತ್ತು. ಕರಾಡ ದಾಟಿ ಆ ಧಾಬಾದಲ್ಲಿ ನಿಂತೆವು. ತಟ್ಟೆ ಮುಂದೆ ಬಂದ ಮೇಲೆಯೇ ಅಪ್ಪ ಇಂಜೆಕ್ಷನ್ ಮಾಡಿಕೊಂಡರು. ಊಟ ಮುಗಿಸಿ ಹೊರಬಂದಾಗ ಕತ್ತಲಾಗಿತ್ತು. ಡಿಕ್ಕಿಯಿಂದ ತೆಗೆಯುವುದೇನೂ ಇರಲಿಲ್ಲ. ಆದರೂ ಅಪ್ಪ, “ಒಮ್ಮೆ ತಗಿ, ನೋಡೂಣು” ಎಂದರು. ತೆರೆದೆ, ಹೊತ್ತಿತು. ಪುಣೆಯಿಂದ ಊರಿಗೆ ಒಯ್ಯುತ್ತಿದ್ದ ಸಾಮಾನು ಒಂದೊಂದೂ ಕಾಣುತ್ತಿತ್ತು. ಅಪ್ಪ ಕೀಲಿನ ಬಳಿಯ ತಂತಿಯನ್ನು ಬೆರಳಿನಿಂದ ಮುಟ್ಟಿ, ಸಡಿಲು ಸರಿಯಿದೆಯೆಂದು ನೋಡಿ, ಮುಚ್ಚಲು ಹೇಳಿದರು.